ರಸ್ತೆ ಕಲಿಸಿದ್ದನ್ನು ಕಾಪಿಡುವ ಕೆಲಸ

ಭತ್ತದ ಹೊಸ ತಳಿ ಹೇಗಿದೆ ಎಂಬುದು ನಾಲ್ಕಾರು ಬೆಳೆಗಳಲ್ಲಿ ಗೊತ್ತಾಗುತ್ತದೆ. ಹೊಸ ಬಗೆಯಲ್ಲಿ ಹಾಕಿದ ರಸ್ತೆ ಹೇಗಿದೆ ಎಂಬುದು ಗೊತ್ತಾಗಬೇಕಾದರೆ ಹದಿನೈದು ಇಪ್ಪತ್ತು ಮಳೆಗಾಲ ಕಳೆಯಬೇಕು. ಅಷ್ಟರಲ್ಲಿ ರಸ್ತೆ ಹಾಕಿಸಿದ ಎಂಜಿನಿಯರ್‌ಗೆ ಮೂರು ನಾಲ್ಕು ಸಲ ವರ್ಗಾವಣೆ ಆಗಿರುತ್ತದೆ. ಬಿಸಿಲಲ್ಲಿ ನಿಂತು ಅಳತೆ ತೆಗೆದ ವಿದ್ಯಾರ್ಥಿ ಬೇರೆ ಊರಲ್ಲಿ ಸಂಸಾರ ಹೂಡಿರುತ್ತಾನೆ. ಕಡತ ದಾಖಲೆ ಕೋಣೆಯ ಅಟ್ಟ ಸೇರಿರುತ್ತದೆ. ರಸ್ತೆ ತಾನು ಕಲಿಸಬೇಕಾದ್ದನ್ನು ಕಲಿಸಿ ಮುಗಿಸುವ ಹೊತ್ತಿಗೆ ಪಾಠ ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದಲೇ ರಸ್ತೆ, ಸೇತುವೆ, ರೈಲು ಹಳಿಗಳ ಸಂಶೋಧನೆಯಲ್ಲಿ ಪ್ರಯೋಗ ಮಾಡುವುದು ಎಷ್ಟು ಮುಖ್ಯವೋ, ಅದರ ಫಲಿತಾಂಶವನ್ನು ಬರೆದಿಟ್ಟು, ಕಾಪಾಡಿ, ಬೇಕಾದವರ ಕೈಗೆ ಮುಟ್ಟಿಸುವುದೂ ಅಷ್ಟೇ ಮುಖ್ಯ.

ಫಲಿತಾಂಶ ಎಂದರೆ ಕೊನೆಗೆ ಅಚ್ಚಾಗುವ ವರದಿ ಮಾತ್ರವಲ್ಲ. ರಸ್ತೆಯ ಮೇಲೆ ತೆಗೆದ ಮೂಲ ಅಳತೆಗಳು, ಅಗೆದು ತಂದ ಮಣ್ಣು ಮತ್ತು ಡಾಂಬರಿನ ಮಾದರಿಗಳು, ಫೋಟೋಗಳು, ವಾಹನಗಳ ಎಣಿಕೆ, ಮಳೆ ಮತ್ತು ತಾಪಮಾನದ ದಾಖಲೆ, ವಿಫಲವಾದ ಪ್ರಯೋಗದ ಟಿಪ್ಪಣಿ, ಇವೆಲ್ಲವೂ ಅದರಲ್ಲಿ ಸೇರುತ್ತವೆ. ವರದಿಯ ತೀರ್ಮಾನ ಮುಂದೊಂದು ದಿನ ತಪ್ಪೆಂದು ತಿಳಿಯಬಹುದು. ಆಗ ಹೊಸ ತೀರ್ಮಾನಕ್ಕೆ ಬರಲು ಉಳಿಯುವುದು ಮೂಲ ಅಳತೆಗಳೇ.

ಈ ಮಾತಿಗೆ ಅತ್ಯಂತ ದೊಡ್ಡ ಉದಾಹರಣೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬ ಊರಿನ ಬಳಿ ನಡೆದ ರಸ್ತೆ ಪರೀಕ್ಷೆ. ರಾಜ್ಯಗಳ ಹೆದ್ದಾರಿ ಅಧಿಕಾರಿಗಳ ಸಂಘವಾದ ಆಶೋ ಇದನ್ನು ಮಾಡಿಸಿತು. ಲಾರಿ ಎಷ್ಟು ಭಾರ ಹೊತ್ತರೆ ರಸ್ತೆಗೆ ಎಷ್ಟು ಹಾನಿ, ಆ ಹಾನಿಗೆ ತೆರಿಗೆ ಎಷ್ಟು ಎಂಬ ವಾದ ಆಗ ಅಲ್ಲಿ ಜೋರಾಗಿತ್ತು. ಆರು ಸುತ್ತುದಾರಿಗಳನ್ನು ಕಟ್ಟಿ, ಅವನ್ನು ಎಂಟುನೂರಕ್ಕೂ ಹೆಚ್ಚು ತುಂಡುಗಳಾಗಿ ವಿಂಗಡಿಸಿ, ಒಂದೊಂದು ತುಂಡಿಗೂ ಬೇರೆ ಬೇರೆ ದಪ್ಪದ ಡಾಂಬರು ಇಲ್ಲವೇ ಕಾಂಕ್ರೀಟ್ ಹಾಕಲಾಯಿತು. 1958ರ ಅಕ್ಟೋಬರ್‌ನಿಂದ 1960ರ ನವೆಂಬರ್‌ವರೆಗೆ ಅಮೆರಿಕದ ಸೇನೆಯ ಸೈನಿಕರು ಆ ಸುತ್ತುಗಳಲ್ಲಿ ಲಾರಿ ಓಡಿಸಿದರು. ಐದು ಸುತ್ತುಗಳಲ್ಲಿ ಲಾರಿ ಓಡುತ್ತಿದ್ದರೆ ಆರನೆಯದರಲ್ಲಿ ಒಂದೂ ಓಡಲಿಲ್ಲ. ಗಾಲಿ ಸೋಕದಿದ್ದರೂ ಬಿಸಿಲು ಮಳೆಗೇ ರಸ್ತೆ ಎಷ್ಟು ಸವೆಯುತ್ತದೆ ಎಂದು ನೋಡಲು ಅದನ್ನು ಹಾಗೆ ಬಿಡಲಾಗಿತ್ತು. ಎರಡು ವರ್ಷದಲ್ಲಿ 11 ಲಕ್ಷಕ್ಕೂ ಹೆಚ್ಚು ಆಕ್ಸಲ್‌ಗಳು ಹಾದುಹೋದವು. ಒಟ್ಟು ಖರ್ಚು ಸುಮಾರು 2.7 ಕೋಟಿ ಡಾಲರ್.

ಈ ಪರೀಕ್ಷೆ ನಡೆಸಿದವರು ಮೊದಲೇ ಯೋಚಿಸಿದ್ದ ಒಂದು ವಿಷಯ ಗಮನಿಸಬೇಕಾದ್ದು. ರಸ್ತೆ ಕೆಟ್ಟಿದೆ ಎಂದರೆ ಏನು? ಒಬ್ಬರಿಗೆ ಕೆಟ್ಟ ರಸ್ತೆ ಮತ್ತೊಬ್ಬರಿಗೆ ಪರವಾಗಿಲ್ಲ. ಹಾಗಾಗಿ ಹಲವರನ್ನು ವಾಹನದಲ್ಲಿ ಕೂರಿಸಿ ರಸ್ತೆಗೆ 0ಯಿಂದ 5ರವರೆಗೆ ಅಂಕ ಕೊಡಿಸಲಾಯಿತು. ಆ ಅಂಕಗಳನ್ನು ಬಿರುಕು, ತೇಪೆ, ಏರುತಗ್ಗುಗಳ ಅಳತೆಯೊಂದಿಗೆ ಹೊಂದಿಸಿ ಒಂದು ಸೂಚ್ಯಂಕ ಮಾಡಲಾಯಿತು. ಅಂಕ 1.5ಕ್ಕೆ ಇಳಿದ ತುಂಡು ಪರೀಕ್ಷೆಯಿಂದ ಹೊರಕ್ಕೆ. ಹೀಗೆ ಎಲ್ಲರೂ ಒಂದೇ ಮಾನದಲ್ಲಿ ಅಳೆದಿದ್ದರಿಂದಲೇ ಒಂದು ತುಂಡನ್ನು ಇನ್ನೊಂದರ ಜತೆ ಹೋಲಿಸಲು ಸಾಧ್ಯವಾಯಿತು. ಮುಂದೆ ಎಷ್ಟೋ ದೇಶಗಳ ಎಂಜಿನಿಯರ್‌ಗಳು ಆ ಅಂಕಿಗಳನ್ನು ಮತ್ತೆ ಮತ್ತೆ ಲೆಕ್ಕಕ್ಕೆ ಹಚ್ಚಲು ಸಾಧ್ಯವಾದದ್ದೂ ಇದರಿಂದಲೇ. ಅಮೆರಿಕದ ಹೆದ್ದಾರಿ ಸಂಶೋಧನಾ ಮಂಡಳಿ 1961 ಮತ್ತು 1962ರಲ್ಲಿ ಇಡೀ ಪರೀಕ್ಷೆಯ ವಿವರವನ್ನು ಏಳು ಸಂಪುಟಗಳಲ್ಲಿ ಹೊರತಂದಿತು. ಯಾವ ತುಂಡು ಯಾವಾಗ ಕೆಟ್ಟಿತು ಎಂಬುದನ್ನೂ ಮುಚ್ಚಿಡಲಿಲ್ಲ.

ಆ ಅಂಕಿಗಳಿಂದ ಹೊರಟ ಒಂದು ನಿಯಮ ಇಂದು ಕರ್ನಾಟಕದ ರಸ್ತೆಗಳ ದಪ್ಪವನ್ನೂ ನಿರ್ಧರಿಸುತ್ತಿದೆ. ಆಕ್ಸಲ್ ಮೇಲಿನ ಭಾರ ಹೆಚ್ಚಿದಂತೆ ರಸ್ತೆಗೆ ಆಗುವ ಹಾನಿ ಅದರ ನಾಲ್ಕನೆಯ ಘಾತದಷ್ಟು ಹೆಚ್ಚುತ್ತದೆ ಎಂಬುದೇ ಆ ನಿಯಮ. ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. ಭಾರತದಲ್ಲಿ ಡಾಂಬರು ರಸ್ತೆಯ ವಿನ್ಯಾಸಕ್ಕೆ ಬಳಸುವ, ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) ಹೊರತಂದ ಐಆರ್‌ಸಿ 37 ಎಂಬ ಮಾರ್ಗಸೂಚಿಯಲ್ಲಿ ಲಾರಿಗಳ ಹಾನಿಯನ್ನು ಲೆಕ್ಕ ಹಾಕುವುದು ಈ ನಿಯಮದಿಂದಲೇ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ನಾಲ್ಕು ಟಯರಿನ ಒಂಟಿ ಆಕ್ಸಲ್‌ಗೆ ಅನುಮತಿಸಿದ ಭಾರವನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ನೋಡಲು ಇದು ಶೇ 13ರಷ್ಟು ಏರಿಕೆ. ನಾಲ್ಕನೆಯ ಘಾತದ ಲೆಕ್ಕದಲ್ಲಿ, ಪೂರ್ತಿ ಭಾರ ಹೊತ್ತ ಅಂಥ ಒಂದೊಂದು ಆಕ್ಸಲ್‌ನಿಂದ ರಸ್ತೆಗೆ ಬೀಳುವ ಪೆಟ್ಟು ಸುಮಾರು ಶೇ 60ರಷ್ಟು ಹೆಚ್ಚು. ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಇಲಿನಾಯ್‌ನಲ್ಲಿ ಸೈನಿಕರು ಓಡಿಸಿದ ಲಾರಿಗಳ ಅಂಕಿ ಇಲ್ಲದಿದ್ದರೆ ಈ ಲೆಕ್ಕ ಹಾಕಲು ಯಾವ ಆಧಾರವೂ ಇರುತ್ತಿರಲಿಲ್ಲ.

ಆದರೆ ಒಟ್ಟಾವಾದ ಪರೀಕ್ಷೆ ನಡೆದದ್ದು ಒಂದೇ ಬಗೆಯ ಜೇಡಿಮಣ್ಣಿನ ಮೇಲೆ, ಒಂದೇ ಹವೆಯಲ್ಲಿ, ಎರಡೇ ವರ್ಷ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲ ವಸಂತದಲ್ಲಿ ಕರಗುವಾಗಲೇ ಅಲ್ಲಿ ಬಹಳಷ್ಟು ತುಂಡುಗಳು ಕೆಟ್ಟವು. ರಾಯಚೂರಿನ ಎರೆ ಮಣ್ಣಿಗೆ ಹೆಪ್ಪುಗಟ್ಟುವ ಕಷ್ಟವಿಲ್ಲ, ಅದರ ಕಷ್ಟವೇ ಬೇರೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಕರಾವಳಿಯ ಜಂಬಿಟ್ಟಿಗೆ ನೆಲದ ಗುಣ ಮತ್ತೊಂದು. ಒಂದು ಊರಿನ ಫಲಿತಾಂಶವನ್ನು ಇನ್ನೊಂದು ಊರಿಗೆ ಒಯ್ಯುವ ಮೊದಲು ಅದು ಯಾವ ಮಣ್ಣಿನಲ್ಲಿ, ಯಾವ ಹವೆಯಲ್ಲಿ ಬಂದದ್ದು ಎಂದು ತಿಳಿದಿರಲೇಬೇಕು. ಒಟ್ಟಾವಾದವರು ಇದನ್ನೆಲ್ಲ ಸ್ಪಷ್ಟವಾಗಿ ಬರೆದಿಟ್ಟಿದ್ದರಿಂದ ಮಿತಿ ಎಲ್ಲಿದೆ ಎಂಬುದು ಮುಂದಿನವರಿಗೆ ಕಂಡಿತು.

ಆ ಮಿತಿಯನ್ನು ದಾಟಲು ಅಮೆರಿಕ 1987ರಲ್ಲಿ ಇನ್ನೊಂದು ಕೆಲಸ ಶುರು ಮಾಡಿತು. ಎಲ್‌ಟಿಪಿಪಿ ಎಂದು ಕರೆಯುವ ಈ ದೀರ್ಘಕಾಲದ ಯೋಜನೆಯಲ್ಲಿ ಪ್ರತ್ಯೇಕ ಸುತ್ತುದಾರಿ ಕಟ್ಟಲಿಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ ಜನ ದಿನವೂ ಓಡಾಡುವ ಹೆದ್ದಾರಿಗಳಲ್ಲೇ 2,500ಕ್ಕೂ ಹೆಚ್ಚು ತುಂಡುಗಳನ್ನು ಗುರುತಿಸಿ, ವರ್ಷ ವರ್ಷವೂ ಅಲ್ಲಿಗೇ ಹೋಗಿ ಅಳೆಯುವ ಪದ್ಧತಿ ಮಾಡಲಾಯಿತು. ರಸ್ತೆಯ ಬಲ ಅಳೆಯಲು ಭಾರ ಬೀಳಿಸುವ ಯಂತ್ರಗಳನ್ನು ನಿಗದಿತ ಕೇಂದ್ರಗಳಿಗೆ ತಂದು ಸರಿಹೊಂದಿಸಬೇಕು. ಹಾಗೆ ಮಾಡದೆ ಹೋದರೆ ಟೆಕ್ಸಾಸ್‌ನ ಯಂತ್ರದ ಅಳತೆಗೂ ಮಿನಸೋಟದ ಯಂತ್ರದ ಅಳತೆಗೂ ತಾಳೆ ಬರುವುದಿಲ್ಲ. ಒಂದೊಂದು ದಾಖಲೆಗೂ ಅದು ಎಷ್ಟು ಹಂತದ ತಪಾಸಣೆ ದಾಟಿದೆ ಎಂದು ತಿಳಿಸುವ ಗುರುತು ಹಾಕುತ್ತಾರೆ. ರಸ್ತೆಗೆ ಬಳಸಿದ ಡಾಂಬರು, ಜಲ್ಲಿಯ ಮಾದರಿಗಳನ್ನು ನೆವಾಡಾ ರಾಜ್ಯದ ಉಗ್ರಾಣವೊಂದರಲ್ಲಿ ಕಾಪಿಟ್ಟಿದ್ದಾರೆ. ಇಂದು ಇಲ್ಲದ ಉಪಕರಣ ನಾಳೆ ಬಂದಾಗ ಅಂದಿನ ಡಾಂಬರನ್ನೇ ತೆಗೆದು ಮತ್ತೆ ಪರೀಕ್ಷಿಸಬಹುದು. 2014ರಿಂದ ಇನ್ಫೋಪೇವ್ ಎಂಬ ಜಾಲತಾಣದ ಮೂಲಕ ಈ ದತ್ತಾಂಶ ಎಲ್ಲರಿಗೂ ಉಚಿತ. ಸುರತ್ಕಲ್‌ನ ವಿದ್ಯಾರ್ಥಿಯೂ ತನ್ನ ಕೋಣೆಯಲ್ಲಿ ಕೂತು ಅದನ್ನು ಇಳಿಸಿಕೊಳ್ಳಬಹುದು.

ಅಳತೆಯ ಜತೆ ಅದರ ಸಂದರ್ಭವನ್ನೂ ಬರೆದಿಡಬೇಕು ಎಂಬುದನ್ನು ಅರ್ಥಮಾಡಿಕೊಳ್ಳಲು ನಮ್ಮ ರಸ್ತೆಗಳ ಮೇಲೆ ಎಷ್ಟೋ ವರ್ಷ ನಡೆದ ಬೆಂಕೆಲ್ಮನ್ ಬೀಮ್ ಪರೀಕ್ಷೆಯನ್ನು ಹತ್ತಿರದಿಂದ ನೋಡಬಹುದು. ಹಿಂದಿನ ಆಕ್ಸಲ್ ಮೇಲೆ ಸರಿಯಾಗಿ 8,170 ಕೆ.ಜಿ. ಭಾರ ಬರುವಂತೆ ಲಾರಿಗೆ ಲೋಡ್ ಮಾಡುತ್ತಾರೆ. ಜೋಡಿ ಟಯರ್‌ಗಳ ನಡುವಿನ ಸಂದಿಗೆ ಉದ್ದನೆಯ ಲೋಹದ ತೋಳನ್ನು ತೂರಿಸಿ ಅದರ ತುದಿಯನ್ನು ರಸ್ತೆಗೆ ತಾಗಿಸುತ್ತಾರೆ. ಹಿಂಬದಿಯ ಡಯಲ್ ಗೇಜ್‌ನ ಮುಳ್ಳು ನಿಂತ ಮೇಲೆ ಮೊದಲ ಅಂಕಿ ಬರೆದುಕೊಳ್ಳುತ್ತಾರೆ. ಲಾರಿ ನಿಧಾನವಾಗಿ 2.7 ಮೀಟರ್ ಮುಂದೆ ಹೋಗಿ ನಿಲ್ಲುತ್ತದೆ, ಆಮೇಲೆ ಇನ್ನೂ 9 ಮೀಟರ್. ಭಾರ ದೂರವಾದಂತೆ ತಗ್ಗಿದ್ದ ರಸ್ತೆ ಮೇಲಕ್ಕೆ ಬರುತ್ತದೆ, ಮುಳ್ಳು ಸರಿಯುತ್ತದೆ. ಈ ಚಲನೆ ಕಣ್ಣಿಗೆ ಕಾಣದಷ್ಟು ಸಣ್ಣದು, ಮಿಲಿಮೀಟರಿನ ಲೆಕ್ಕ. ರಸ್ತೆ ಎಷ್ಟು ಹೆಚ್ಚು ತಗ್ಗಿ ಏಳುತ್ತದೋ ಅಷ್ಟು ಬಲಹೀನ, ಅಷ್ಟು ದಪ್ಪ ಹೊಸ ಪದರ ಬೇಕು.

ಇಷ್ಟಕ್ಕೆ ಪರೀಕ್ಷೆ ಮುಗಿಯುವುದಿಲ್ಲ. ಡಾಂಬರಿನಲ್ಲಿ 45 ಮಿ.ಮೀ. ಆಳದ ಸಣ್ಣ ತೂತು ಕೊರೆದು, ಗ್ಲಿಸರಾಲ್ ತುಂಬಿ, ಥರ್ಮಾಮೀಟರ್ ಇಳಿಸಿ ರಸ್ತೆಯ ತಾಪ ನೋಡುತ್ತಾರೆ. ಬಿಸಿಲಿಗೆ ಡಾಂಬರು ಮೆತ್ತಗಾಗುವುದರಿಂದ ಅಳತೆಯನ್ನು 35 ಡಿಗ್ರಿ ಸೆಲ್ಸಿಯಸ್‌ಗೆ ಸರಿಹೊಂದಿಸಬೇಕು. ಒಂದೊಂದು ಡಿಗ್ರಿಗೆ 0.01 ಮಿ.ಮೀ. ತಿದ್ದುಪಡಿ. ಅಡಿಮಣ್ಣನ್ನು ಅಗೆದು ಅದು ಜೇಡಿಯೋ ಮರಳೋ, ತೇವ ಎಷ್ಟು ಎಂದು ನೋಡಬೇಕು. ಆ ಸೀಮೆಯಲ್ಲಿ ವರ್ಷಕ್ಕೆ 1,300 ಮಿ.ಮೀ.ಗಿಂತ ಹೆಚ್ಚು ಮಳೆಯೋ ಕಡಿಮೆಯೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮಾರ್ಚ್ ತಿಂಗಳಿನ ಒಣ ನೆಲದಲ್ಲಿ ತೆಗೆದ ಅಂಕಿ ಮಳೆಗಾಲ ಮುಗಿದಾಗಿನ ರಸ್ತೆಯ ನಿಜವಾದ ಬಲವನ್ನು ತೋರಿಸುವುದಿಲ್ಲ. ಯಾವುದೋ ವರದಿಯಲ್ಲಿ ‘0.8 ಮಿ.ಮೀ.’ ಎಂದಷ್ಟೇ ಬರೆದು, ದಿನಾಂಕ, ತಾಪ, ಮಣ್ಣು, ಕಿಲೋಮೀಟರ್ ಕಲ್ಲಿನ ಸಂಖ್ಯೆ ಬಿಟ್ಟುಹೋಗಿದ್ದರೆ ಆ ಅಂಕಿ ಯಾರ ಉಪಯೋಗಕ್ಕೂ ಬಾರದು. ಅದಕ್ಕಾಗಿ ಪಟ್ಟ ಶ್ರಮವೆಲ್ಲ ವ್ಯರ್ಥ.

ಭಾರತದಲ್ಲಿ ರಸ್ತೆಯ ಅನುಭವವನ್ನು ಒಟ್ಟುಗೂಡಿಸುವ ಕೆಲಸಕ್ಕೆ ತೊಂಬತ್ತು ವರ್ಷ ಮೀರಿದ ಇತಿಹಾಸವಿದೆ. ಎಂ.ಆರ್. ಜಯಕರ್ ಅಧ್ಯಕ್ಷತೆಯ ಸಮಿತಿ 1928ರಲ್ಲಿ ವರದಿ ಕೊಟ್ಟಿತು. ಮರುವರ್ಷ ಕೇಂದ್ರ ರಸ್ತೆ ನಿಧಿ ಸ್ಥಾಪನೆಯಾಯಿತು. 1934ರ ಡಿಸೆಂಬರ್‌ನಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿತು. ಬೇರೆ ಬೇರೆ ಪ್ರಾಂತ್ಯಗಳ ಎಂಜಿನಿಯರ್‌ಗಳು ಒಂದೆಡೆ ಸೇರಿ ತಮ್ಮ ಅನುಭವವನ್ನು ಪ್ರಬಂಧವಾಗಿ ಓದಿ ಚರ್ಚಿಸುವ ಪದ್ಧತಿ ಬಂದದ್ದು ಹೀಗೆ. ದೆಹಲಿಯ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ 1952ರಲ್ಲಿ ಕೆಲಸ ಆರಂಭಿಸಿತು. 1973ರಲ್ಲಿ ರೋಡ್ಸ್ ಕಾಂಗ್ರೆಸ್ಸಿನ ಅಡಿಯಲ್ಲಿ ಹೆದ್ದಾರಿ ಸಂಶೋಧನಾ ಮಂಡಳಿ ಬಂತು. ದೇಶದಲ್ಲಿ ಎಲ್ಲೆಲ್ಲಿ ಯಾವ ರಸ್ತೆ ಸಂಶೋಧನೆ ನಡೆಯಿತು ಎಂಬ ಸಾಮಾನ್ಯ ವರದಿಯನ್ನು ಅದು ಪ್ರಕಟಿಸುತ್ತ ಬಂದಿದೆ.

ಕೇಂದ್ರ ಸಾರಿಗೆ ಸಚಿವಾಲಯದ ಹಣದಿಂದ ನಡೆದ ಸಂಶೋಧನೆಗಳಿಗೆ ಆರ್-6, ಆರ್-19, ಆರ್-56 ಎಂಬಂಥ ಒಣ ಹೆಸರುಗಳಿದ್ದವು. ಆರ್-6 ಬೆಂಕೆಲ್ಮನ್ ಬೀಮ್ ಬಗ್ಗೆ. ಆರ್-19 ಓಡಾಟದಲ್ಲಿರುವ ರಸ್ತೆಗಳು ವರ್ಷಗಳು ಕಳೆದಂತೆ ಹೇಗೆ ಬಾಳುತ್ತವೆ ಎಂಬುದರ ಬಗ್ಗೆ. ಆರ್-56 ಖರಗ್‌ಪುರದ ಐಐಟಿಯಲ್ಲಿ ನಡೆಯಿತು. 1970ರಲ್ಲಿ ಮೊದಲು ಬಂದ ಐಆರ್‌ಸಿ 37 ಮಾರ್ಗಸೂಚಿಯನ್ನು 2001ರಲ್ಲಿ ಪರಿಷ್ಕರಿಸಿದಾಗ, ಡಾಂಬರು ಯಾವಾಗ ಬಿರುಕು ಬಿಡುತ್ತದೆ, ಗಾಲಿಯ ಜಾಡು ಯಾವಾಗ ಕುಸಿಯುತ್ತದೆ ಎಂಬ ಸೂತ್ರಗಳು ಬಂದದ್ದು ಈ ಸಂಶೋಧನೆಗಳಿಂದ. ಬೇರೆ ಹವೆಯ ದೇಶದಿಂದ ಕಡ ತಂದ ಸೂತ್ರಗಳ ಜಾಗದಲ್ಲಿ ನಮ್ಮ ರಸ್ತೆಗಳ ಅಳತೆ ಬಂದು ಕೂತದ್ದು ದೊಡ್ಡ ಹೆಜ್ಜೆ. 1977ರಿಂದ 1982ರವರೆಗೆ ನಡೆದ ರಸ್ತೆ ಬಳಕೆದಾರರ ವೆಚ್ಚದ ಅಧ್ಯಯನವಂತೂ ದೇಶದ ಗಡಿಯನ್ನೂ ದಾಟಿತು. ಕೆಟ್ಟ ರಸ್ತೆಯಲ್ಲಿ ಓಡಿಸಿದರೆ ಬಸ್ಸು ಲಾರಿಗಳಿಗೆ ಡೀಸೆಲ್, ಟಯರ್, ಬಿಡಿಭಾಗಗಳ ಖರ್ಚು ಎಷ್ಟು ಏರುತ್ತದೆ ಎಂದು ಅಳೆದ ಆ ಅಂಕಿಗಳು ಕೀನ್ಯಾ, ಬ್ರೆಜಿಲ್, ಕೆರಿಬಿಯನ್ ದ್ವೀಪಗಳ ಅಧ್ಯಯನಗಳ ಜತೆ ಸೇರಿ ವಿಶ್ವ ಬ್ಯಾಂಕ್‌ನ ಎಚ್‌ಡಿಎಂ ಎಂಬ ಲೆಕ್ಕಾಚಾರದ ಮಾದರಿಗೆ ಬುನಾದಿಯಾದವು.

ಸಂಶೋಧನೆ ಸಾಮಾನ್ಯ ಎಂಜಿನಿಯರನ್ನು ತಲುಪುವುದು ಹೆಚ್ಚಾಗಿ ಪ್ರಬಂಧದಿಂದಲ್ಲ, ಪಠ್ಯಪುಸ್ತಕ ಮತ್ತು ಸಂಹಿತೆಗಳಿಂದ. ಸಿವಿಲ್ ಓದಿದ ಯಾರನ್ನು ಕೇಳಿದರೂ ಖನ್ನಾ ಮತ್ತು ಜಸ್ಟೊ ಬರೆದ ಹೈವೇ ಎಂಜಿನಿಯರಿಂಗ್ ಪುಸ್ತಕದ ಹೆಸರು ಹೇಳುತ್ತಾರೆ. ಅವರಲ್ಲಿ ಸಿ.ಇ.ಜಿ. ಜಸ್ಟೊ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಸಂಹಿತೆಗಳ ವಿಷಯ ಸ್ವಲ್ಪ ಬೇರೆ. ಐಆರ್‌ಸಿ ಸಂಹಿತೆಗಳು ಬೆಲೆ ಕೊಟ್ಟು ಕೊಳ್ಳುವ ಪುಸ್ತಕಗಳಾಗಿಯೇ ಬೆಳೆದು ಬಂದಿವೆ. ಜನರ ಹಣದಲ್ಲಿ ಕಟ್ಟುವ ರಸ್ತೆಯ ನಿಯಮ ತಾಲ್ಲೂಕಿನ ಕಿರಿಯ ಎಂಜಿನಿಯರ್‌ಗೂ ಗ್ರಾಮ ಪಂಚಾಯಿತಿ ಸದಸ್ಯನಿಗೂ ಬಿಡಿಗಾಸಿಲ್ಲದೆ ಸಿಗಬೇಕು.

ದಾಖಲೆ ಇದ್ದರೂ ಓದುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮಿನಿಯಾಪೊಲಿಸ್ ನಗರದ ಸೇತುವೆಯ ಕಥೆ ಮನಕಲಕುವಂಥದ್ದು. ಮಿಸಿಸಿಪ್ಪಿ ನದಿಯ ಮೇಲಿನ ಐ-35 ಡಬ್ಲ್ಯು ಸೇತುವೆ ಸಂಚಾರಕ್ಕೆ ತೆರೆದದ್ದು 1967ರಲ್ಲಿ. 2007ರ ಆಗಸ್ಟ್ 1ರ ಸಂಜೆ, ಜನ ಕೆಲಸ ಮುಗಿಸಿ ಮನೆಗೆ ಮರಳುವ ಹೊತ್ತಿನಲ್ಲಿ ಅದು ಕುಸಿಯಿತು. 13 ಜನ ಸತ್ತರು. ದುರಸ್ತಿಗೆಂದು ತಂದ ಮರಳು, ಜಲ್ಲಿ, ಯಂತ್ರಗಳ ಭಾರ ಸೇತುವೆಯ ಮೇಲಿತ್ತು. ಉಕ್ಕಿನ ತೊಲೆಗಳು ಕೂಡುವ ಜಾಗದಲ್ಲಿ ಹಾಕಿದ್ದ ಗಸೆಟ್ ಪ್ಲೇಟ್‌ಗಳ ದಪ್ಪ ಅರ್ಧ ಇಂಚು. ಇರಬೇಕಾದ ದಪ್ಪದ ಸುಮಾರು ಅರ್ಧ ಮಾತ್ರ. ವಿನ್ಯಾಸದ ಹಂತದಲ್ಲೇ ಆದ ತಪ್ಪು ಇದು ಎಂದು ತನಿಖೆ ಹೇಳಿತು. ಆ ಪ್ಲೇಟ್‌ಗಳಿಗೆ ಹಾಕಿದ ಮೂಲ ಲೆಕ್ಕ ಮಾತ್ರ ಹಳೆಯ ಕಾಗದಪತ್ರಗಳಲ್ಲಿ ಸಿಗಲಿಲ್ಲ. ಇನ್ನೂ ಸಂಕಟದ ವಿಷಯವೆಂದರೆ, 1999 ಮತ್ತು 2003ರಲ್ಲಿ ತೆಗೆದ ಫೋಟೋಗಳಲ್ಲಿ ಅದೇ ಪ್ಲೇಟ್‌ಗಳು ಬಾಗಿರುವುದು ಕಣ್ಣಿಗೆ ಕಾಣುವಂತಿತ್ತು. ಫೋಟೋ ಕಡತದಲ್ಲಿತ್ತು, ಅದರ ಅರ್ಥ ಯಾರಿಗೂ ಹೊಳೆದಿರಲಿಲ್ಲ. ತನಿಖೆಯ ವರದಿ ಪೂರ್ತಿ ಬಹಿರಂಗವಾಯಿತು. ಗಸೆಟ್ ಪ್ಲೇಟ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಸೇತುವೆಗಳ ಬಲ ನೋಡುವಂತೆ ಎಲ್ಲ ರಾಜ್ಯಗಳಿಗೂ ಸೂಚನೆ ಹೋಯಿತು. ಸೇತುವೆಗಳ ಸ್ಥಿತಿಯನ್ನು ವರ್ಷಗಟ್ಟಲೆ ಗಮನಿಸುವ ಪ್ರತ್ಯೇಕ ಯೋಜನೆಯೂ 2008ರಲ್ಲಿ ಶುರುವಾಯಿತು.

ಬರೆದಿಟ್ಟದ್ದನ್ನು ಹುಡುಕಿ ತೆಗೆಯಲು ಒಳ್ಳೆಯ ಸೂಚಿ ಬೇಕು. ಒಟ್ಟಾವಾದ ಸಂಪುಟಗಳನ್ನು ಹೊರತಂದ, 1920ರಲ್ಲಿ ಹುಟ್ಟಿದ ಅಮೆರಿಕದ ಮಂಡಳಿಗೆ ಈಗ ಸಾರಿಗೆ ಸಂಶೋಧನಾ ಮಂಡಳಿ ಎಂದು ಹೆಸರು. ತನ್ನ ಗ್ರಂಥಸೂಚಿಯನ್ನೂ ಒಇಸಿಡಿ ದೇಶಗಳ ಸೂಚಿಯನ್ನೂ ಕೂಡಿಸಿ ಅದು 2011ರಲ್ಲಿ ಟ್ರಿಡ್ ಎಂಬ ಭಂಡಾರ ಮಾಡಿತು. ಅದರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪ್ರಬಂಧ, ವರದಿಗಳ ವಿವರವಿದೆ. ಇನ್ನೂ ಮುಗಿಯದ, ಈಗಷ್ಟೇ ನಡೆಯುತ್ತಿರುವ ಸಂಶೋಧನೆಗಳಿಗೂ ಅಲ್ಲಿ ಒಂದು ಪಟ್ಟಿ ಇದೆ. ಒಂದೇ ಪ್ರಯೋಗವನ್ನು ಎರಡು ರಾಜ್ಯಗಳು ಬೇರೆ ಬೇರೆಯಾಗಿ ಹಣ ಸುರಿದು ಮಾಡುವುದನ್ನು ಇದು ತಪ್ಪಿಸುತ್ತದೆ. ವಿಫಲವಾದ ಪ್ರಯೋಗದ ವರದಿಯೂ ಇಂಥ ಭಂಡಾರದಲ್ಲಿ ಇರಲೇಬೇಕು. ಯಾವುದೋ ಸೇರ್ಪಡೆ ಹಾಕಿದ ಡಾಂಬರು ಎರಡನೇ ಮಳೆಗೇ ಎದ್ದುಹೋಯಿತು ಎಂಬ ಸುದ್ದಿ ತಿಳಿದರೆ ಇನ್ನೊಂದು ಜಿಲ್ಲೆಯ ಹಣ ಉಳಿಯುತ್ತದೆ. ದುರದೃಷ್ಟಕ್ಕೆ ಸೋಲನ್ನು ಬರೆಯಲು ಎಲ್ಲ ದೇಶಗಳಲ್ಲೂ ಜನ ಹಿಂಜರಿಯುತ್ತಾರೆ.

ಸರ್ಕಾರದ ಹಣದಲ್ಲಿ ನಡೆದ ಸಂಶೋಧನೆ ಜನರಿಗೆ ತೆರೆದಿರಬೇಕು ಎಂಬ ನಿಯಮ ಅಮೆರಿಕದಲ್ಲಿ 2013ರಲ್ಲಿ ಬಂತು. ಅಲ್ಲಿನ ಸಾರಿಗೆ ಇಲಾಖೆ 2015ರ ಕೊನೆಯಿಂದ ಅದನ್ನು ಜಾರಿಗೆ ತಂದಿತು. ಹಣ ಕೇಳುವಾಗಲೇ ಸಂಶೋಧಕರು ಒಂದು ಯೋಜನೆ ಬರೆದುಕೊಡಬೇಕು: ಯಾವ ದತ್ತಾಂಶ ಸಿಗುತ್ತದೆ, ಅದನ್ನು ಯಾವ ರೂಪದಲ್ಲಿ ಇಡುತ್ತಾರೆ, ಎಲ್ಲಿ ಇಡುತ್ತಾರೆ, ಯಾರಿಗೆ ಯಾವಾಗ ಕೊಡುತ್ತಾರೆ. ಪತ್ರಿಕೆಯಲ್ಲಿ ಅಚ್ಚಾದ ಪ್ರಬಂಧ ಜನರಿಗೆ ಸಿಗಲು ಮೊದಲು ಒಂದು ವರ್ಷದವರೆಗೆ ಕಾಯುವ ಅವಕಾಶವಿತ್ತು. ಅದನ್ನೂ ತೆಗೆಯಬೇಕೆಂದು 2022ರಲ್ಲಿ ಸೂಚನೆ ಬಂತು. ಭಾರತದಲ್ಲಿ 2012ರ ರಾಷ್ಟ್ರೀಯ ದತ್ತಾಂಶ ಹಂಚಿಕೆ ನೀತಿ ಇದೇ ದಾರಿಯದು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳ ನಕಾಶೆಯ ದತ್ತಾಂಶ ಜಿಯೋಸಡಕ್ ಹೆಸರಲ್ಲಿ 2022ರಲ್ಲಿ ಸಾರ್ವಜನಿಕವಾಯಿತು. ಅಪಘಾತ ನಡೆದ ಜಾಗದಲ್ಲೇ ಪೊಲೀಸರು ಮೊಬೈಲ್‌ನಲ್ಲಿ ವಿವರ ತುಂಬುವ ಐರಾಡ್ ವ್ಯವಸ್ಥೆಯನ್ನು ಮೊದಲು ಪ್ರಯೋಗಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇಂಥ ದತ್ತಾಂಶವನ್ನು ಸಂಶೋಧಕರಿಗೆ ಕೊಡುವಾಗ ಗಾಯಗೊಂಡವರ ಹೆಸರು, ವಿಳಾಸ, ವಾಹನ ಸಂಖ್ಯೆಗಳನ್ನು ತೆಗೆದೇ ಕೊಡಬೇಕು. ತಿರುವು, ಇಳಿಜಾರು, ಬೆಳಕು, ಹೊತ್ತು ಗೊತ್ತಾದರೆ ಸಂಶೋಧನೆಗೆ ಸಾಕು.

ಪ್ರಯೋಗಶಾಲೆಯ ಫಲಿತಾಂಶವೊಂದು ಬೀದಿಗೆ ಬಂದು ನಿಯಮವಾಗುವ ದಾರಿಯನ್ನು ಬೆಂಗಳೂರು ಕಣ್ಣಾರೆ ಕಂಡಿದೆ. ತ್ಯಾಜ್ಯ ಪ್ಲಾಸ್ಟಿಕ್ ಬೆರೆಸಿದ ಡಾಂಬರಿನ ಮೇಲೆ ಮದುರೆಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ರಾಜಗೋಪಾಲನ್ ವಾಸುದೇವನ್ ಕೆಲಸ ಮಾಡಿದರು. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಜಸ್ಟೊ ಮತ್ತು ಎ. ವೀರರಾಘವನ್ ಇದೇ ವಿಷಯವನ್ನು ಪರೀಕ್ಷಿಸಿದರು, ನಗರದ ರಸ್ತೆಗಳಲ್ಲಿ ಪ್ರಯೋಗವೂ ಆಯಿತು. ಮದುರೆಯ ವಿಧಾನದಲ್ಲಿ ಕಾದ ಜಲ್ಲಿಯ ಮೇಲೆ ಪ್ಲಾಸ್ಟಿಕ್ ಚೂರುಗಳನ್ನು ಹಾಕುತ್ತಾರೆ. ಅವು ಕರಗಿ ಕಲ್ಲಿಗೆ ತೆಳುವಾದ ಹೊದಿಕೆಯಂತೆ ಅಂಟಿಕೊಳ್ಳುತ್ತವೆ, ಆಮೇಲೆ ಡಾಂಬರು ಬೆರೆಸುತ್ತಾರೆ. 2013ರಲ್ಲಿ ಐಆರ್‌ಸಿ ಇದಕ್ಕಾಗಿ ಎಸ್‌ಪಿ 98 ಎಂಬ ಮಾರ್ಗಸೂಚಿ ತಂದಿತು. ಪ್ಲಾಸ್ಟಿಕ್ಕಿನ ಪ್ರಮಾಣ ಡಾಂಬರಿನ ತೂಕದ ಶೇ 6ರಿಂದ 8, ಪಿವಿಸಿ ಯಾವ ಕಾರಣಕ್ಕೂ ಕೂಡದು ಎಂದು ಅದು ಹೇಳುತ್ತದೆ. 2015ರಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ದೊಡ್ಡ ನಗರಗಳ ಸುತ್ತಮುತ್ತಲಿನ ರಸ್ತೆಗಳಲ್ಲಿ ಇದನ್ನು ಬಳಸುವಂತೆ ಸುತ್ತೋಲೆ ಹೊರಡಿಸಿತು. ನಿಯಮವಾಯಿತು ಎಂದ ಮಾತ್ರಕ್ಕೆ ಸಂಶೋಧನೆ ಮುಗಿಯಲಿಲ್ಲ. ಯಾವ ರಸ್ತೆಗೆ ಯಾವ ವರ್ಷ ಎಷ್ಟು ಪ್ಲಾಸ್ಟಿಕ್ ಬಿತ್ತು, ಪಕ್ಕದ ಸಾಮಾನ್ಯ ರಸ್ತೆಗಿಂತ ಅದು ಎಷ್ಟು ಚೆನ್ನಾಗಿ ಬಾಳಿತು, ಸವೆದಾಗ ಪ್ಲಾಸ್ಟಿಕ್ ಚರಂಡಿ ಸೇರುತ್ತದೆಯೇ ಎಂಬುದನ್ನು ಹದಿನೈದು ವರ್ಷ ಅಳೆದು ಎಲ್ಲರಿಗೂ ಕಾಣುವಂತೆ ಇಟ್ಟರೆ ಮಾತ್ರ ಈ ಪ್ರಯೋಗಕ್ಕೆ ಪೂರ್ತಿ ಉತ್ತರ ಸಿಗುತ್ತದೆ.

ಹೀಗೆ ಅಳತೆಗಳನ್ನು ಕಾಪಿಟ್ಟು ತೆರೆದಿಡುವ ಕೆಲಸ ಆರಂಭಿಸಲು ದೊಡ್ಡ ಹಣವೇನೂ ಬೇಕಿಲ್ಲ. ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಭಂಡಾರದಲ್ಲಿ ಈಗಾಗಲೇ ಎಲ್ಲರಿಗೂ ಸಿಗುತ್ತಿವೆ. ಆದರೆ ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳು ಮಣ್ಣಿನ ಪರೀಕ್ಷೆ, ವಾಹನ ಎಣಿಕೆ, ಬಿರುಕುಗಳ ಸಮೀಕ್ಷೆ ಮಾಡಿ ಬರೆದ ಪ್ರಾಜೆಕ್ಟ್ ವರದಿಗಳು ರೆಕ್ಸಿನ್ ಹೊದಿಕೆ ಹಾಕಿಸಿಕೊಂಡು ವಿಭಾಗದ ಕಪಾಟಿನಲ್ಲಿ ಕೂರುತ್ತವೆ. ಅವುಗಳ ಮೂಲ ಅಳತೆಗಳನ್ನು ರಸ್ತೆಯ ಹೆಸರು, ಕಿಲೋಮೀಟರ್ ಕಲ್ಲು, ದಿನಾಂಕ, ತಾಪ ಮತ್ತು ಮಣ್ಣಿನ ವಿವರದೊಂದಿಗೆ ಒಂದು ಕಡತಕ್ಕೆ ಹಾಕಿ ಕಾಲೇಜಿನ ಜಾಲತಾಣದಲ್ಲಿ ತೆರೆದಿಡಿ ಎಂದು ಈ ವರ್ಷವೇ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಹೇಳಲಿ. ಮುಂದಿನ ಬ್ಯಾಚು ಅದೇ ಕಲ್ಲಿನ ಬಳಿಗೆ ಹೋಗಿ ಮತ್ತೆ ಅಳೆಯಲಿ.